ತವರಿಲ್ಲದ ಬಾಣಂತಿಗೆ ಆಸರೆ

ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತಂದು, ಎಣ್ಣೆ ಹಚ್ಚಿ ನೀರೆರೆದು, ಪಥ್ಯದ ಊಟ ಬಡಿಸಿ ಬಾಣಂತನ ಮಾಡುವುದು ನಮ್ಮ ಮನೆಗಳ ಸಂಪ್ರದಾಯ. ಆದರೆ ಆ ತಾಯಿಯೇ ಹದಿನಾರರ ಬಾಲೆಯಾಗಿದ್ದು, ಸರ್ಕಾರದ ಬಾಲಿಕಾಗೃಹವೇ ಆಕೆಗೆ ಮನೆಯಾಗಿದ್ದರೆ ಈ ಹೊಣೆಯನ್ನು ಹೊರುವವರು ಯಾರು?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 6.8ರಷ್ಟು ಮಂದಿ ಆಗಲೇ ತಾಯಂದಿರಾಗಿದ್ದರು ಅಥವಾ ಗರ್ಭಿಣಿಯರಾಗಿದ್ದರು. ಇವರಲ್ಲಿ ಹೆಚ್ಚಿನವರು ವಿವಾಹಿತರು. ದೌರ್ಜನ್ಯಕ್ಕೆ ಒಳಗಾದವರು, ಬಾಲ್ಯವಿವಾಹದಿಂದ ಬಿಡಿಸಲ್ಪಟ್ಟವರು, ಮನೆಯವರೇ ಕೈಬಿಟ್ಟವರು ಮಾತ್ರ ಸರ್ಕಾರದ ಆಶ್ರಯಕ್ಕೆ ಬರುತ್ತಾರೆ. ನಮ್ಮ ಸನತ್‌ನಗರಕ್ಕೆ ಹೆಚ್ಚು ದೂರವಲ್ಲದ ಯೂಸುಫ್‌ಗುಡಾದಲ್ಲಿ ಪರಿತ್ಯಕ್ತ ಹಸುಳೆಗಳನ್ನು ಸಲಹುವ ಸರ್ಕಾರಿ ಶಿಶುವಿಹಾರವಿದೆ. ಅಂತಹ ಪ್ರತಿಯೊಂದು ಹಸುಳೆಯ ಹಿಂದೆಯೂ ಒಬ್ಬ ತಾಯಿ ಇದ್ದಾಳೆಂಬುದನ್ನು ನಾವು ಮರೆಯುತ್ತೇವೆ.

ಕಾನೂನು ಏನು ಹೇಳುತ್ತದೆ?

2015ರ ಬಾಲನ್ಯಾಯ ಕಾಯ್ದೆಯಂತೆ 18 ತುಂಬದ ಆಕೆ ಸ್ವತಃ ಮಗು. ಆಕೆಯ ಕೂಸೂ ಮಗುವೇ. ಇಬ್ಬರ ಹಿತವನ್ನೂ ನೋಡಬೇಕಾದುದು ಮಕ್ಕಳ ಕಲ್ಯಾಣ ಸಮಿತಿ. ತೊಡಕು ಇರುವುದು ಇಲ್ಲಿಯೇ. ದೊಡ್ಡ ಬಾಲಕಿಯರ ಗೃಹ ಒಂದೆಡೆ, ಹಸುಳೆಗಳ ಗೃಹ ಇನ್ನೊಂದೆಡೆ ಇರುವುದು ಸಾಮಾನ್ಯವಾದುದರಿಂದ ತಾಯಿ-ಮಗು ಅಗಲುವ ಭಯವಿರುತ್ತದೆ.

ಕೂಸನ್ನು ದತ್ತು ನೀಡಲೆಂದು ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು ಕಾಯ್ದೆ ಎರಡು ತಿಂಗಳ ಕಾಲಾವಕಾಶ ಕೊಟ್ಟಿದೆ. ಹೆರಿಗೆಯ ಆಯಾಸ, ನಾಚಿಕೆ, ಹಿರಿಯರ ಒತ್ತಡಗಳ ನಡುವೆ ಆಕೆಗೆ ಇದನ್ನು ತಿಳಿಸಿ ಹೇಳುವವರು ಬೇಕು. ಕೂಸನ್ನು ತಾನೇ ಸಾಕುವೆನೆಂದರೆ, ತಂದೆಯ ಹೆಸರು ಹೇಳದೆಯೂ ಅವಿವಾಹಿತ ತಾಯಿ ಮಗುವಿನ ಜನನ ಪ್ರಮಾಣಪತ್ರ ಪಡೆಯಬಹುದೆಂದು ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಸ್ಪಷ್ಟಪಡಿಸಿದೆ.

2012ರ ಪೋಕ್ಸೊ ಕಾಯ್ದೆಯಡಿ ಅಪ್ರಾಪ್ತೆಯ ಗರ್ಭದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಈ ಭಯದಿಂದಲೇ ಕೆಲವು ಹುಡುಗಿಯರು ಆಸ್ಪತ್ರೆಗೆ ತಡವಾಗಿ ಹೋಗುತ್ತಾರೆ. ರಕ್ತಹೀನತೆ, ರಕ್ತದೊತ್ತಡ, ಕಡಿಮೆ ತೂಕದ ಕೂಸು ಮುಂತಾದ ಅಪಾಯಗಳು ಎಳೆಯ ತಾಯಂದಿರಲ್ಲಿ ಹೆಚ್ಚಾಗಿರುವುದರಿಂದ ಈ ವಿಳಂಬ ದುಬಾರಿಯಾದುದು. ಠಾಣೆ, ನ್ಯಾಯಾಲಯಗಳಲ್ಲಿ ಜೊತೆಗಿರಲು ನೆರವಿನ ವ್ಯಕ್ತಿಯೊಬ್ಬರನ್ನು ಸಮಿತಿ ನೇಮಿಸಬಹುದೆಂದು 2020ರ ನಿಯಮಗಳಲ್ಲಿದೆ. ಹುಡುಗನೂ ಅಪ್ರಾಪ್ತನಾದರೆ ಆತ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕಾಗುತ್ತದೆ. ತಂದೆಯಾಗುವ ಹೊಣೆಯನ್ನು ಆತನಿಗೆ ಕಲಿಸುವವರು ಯಾರೂ ಇರುವುದಿಲ್ಲ.

ಪಶ್ಚಿಮ ಬಂಗಾಳದ ಒಂದು ಪ್ರಕರಣದಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ ಮನೆ ಬಿಟ್ಟು ಮುಂದೆ ತಾಯಿಯಾದ ಹುಡುಗಿಗೆ ಸಮಾಜ, ವ್ಯವಸ್ಥೆ, ಸ್ವಂತ ಕುಟುಂಬ ಎಲ್ಲರಿಂದಲೂ ಅನ್ಯಾಯವಾಯಿತೆಂದು 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಮರುಗಿತು. ತಾಯಿ-ಮಗುವಿಗೆ ರಾಜ್ಯವೇ ಪೋಷಕನಂತೆ ನಿಲ್ಲಬೇಕೆಂದು ಆದೇಶಿಸಿತು.

ನಾವು ಮಾಡಬಹುದಾದುದು

ಆಕೆಗೆ ಬೇಕಾದುದು ಉಪದೇಶವಲ್ಲ, ಬಾಣಂತನ. ಹಾಲೂಡಿಸುವ ಕ್ರಮವನ್ನು ತೋರಿಸುವ ಅನುಭವಿ ಕೈ, ರಾತ್ರಿ ಅಳುವ ಕೂಸನ್ನು ಒಂದು ಗಂಟೆ ಎತ್ತಿಕೊಳ್ಳುವ ಮಡಿಲು, ಲಸಿಕೆಯ ದಿನ ನೆನಪಿಸುವ ಹಿರಿಯರು, ಇವೆಲ್ಲ ಬೇಕು. ಶಾಲೆಗೆ ಮರಳಲಾಗದಿದ್ದರೆ ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿಯನ್ನು ಮುಗಿಸಲು ನೆರವೂ ಬೇಕು. 18 ತುಂಬಿದ ಬಳಿಕವೂ 21ರವರೆಗೆ ಮುಂದುವರಿಕೆಯ ಆರೈಕೆಗೆ ಕಾಯ್ದೆಯಲ್ಲಿ ಅವಕಾಶವಿದೆ. ಅದನ್ನು ಕೇಳಿ ಪಡೆಯುವವರು ಇರಬೇಕಷ್ಟೆ.

ಮಕ್ಕಳನ್ನು ತಾತ್ಕಾಲಿಕವಾಗಿ ಮನೆಯಲ್ಲಿಟ್ಟು ಪೋಷಿಸಲು ಇಚ್ಛಿಸುವ ಕುಟುಂಬಗಳು ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಸಂಪರ್ಕಿಸಬಹುದು. ಇದು ದತ್ತುವಲ್ಲ, ಮಗುವನ್ನು ಒಪ್ಪಿಸುವುದು ಸಮಿತಿಯ ಆದೇಶದಿಂದ ಮಾತ್ರ. ಸಂಕಟದಲ್ಲಿರುವ ಬಾಲಕಿಯ ವಿಷಯ ತಿಳಿದರೆ 1098ಕ್ಕೆ ಕರೆ ಮಾಡಿರಿ. ಆದರೆ ಆಕೆಯ ಹೆಸರು, ಮನೆತನಗಳು ನಮ್ಮ ಹರಟೆಯ ವಿಷಯವಾಗಬಾರದು; ಗುರುತು ಬಯಲು ಮಾಡುವುದನ್ನು ಕಾನೂನು ಅಪರಾಧವೆಂದಿದೆ.

ದೂರದ ಊರಿಗೆ ಬಂದು ನೆಲೆಸಿದ ನಮಗೆ ನೆರೆಹೊರೆಯ ಹಿರಿಯ ತಾಯಂದಿರು ಎಷ್ಟೋ ಬಾರಿ ತವರಾಗಿದ್ದಾರೆ. ಆ ತವರಿನ ಬಾಗಿಲು ಇಂಥ ಬಾಣಂತಿಗೂ ತೆರೆಯಲಿ.