ಕಡಿಮೆ ಜನರಿರುವ ಬಣ ಏಕೆ ಬರಿದಾಗುತ್ತದೆ?

ನಮ್ಮ ಕಾಲೇಜಿನಲ್ಲಿ ಆನ್‌ಲೈನ್ ಆಟ ಎಂದರೆ ಬಹುತೇಕರಿಗೆ ಬಿಜಿಎಂಐ ಅಥವಾ ಫ್ರೀ ಫೈರ್. ಅವುಗಳಲ್ಲಿ ಪಂದ್ಯ ಮುಗಿದರೆ ತಂಡದ ಕೆಲಸವೂ ಮುಗಿಯಿತು. ಇಂದು ಎದುರಾಳಿಯಾಗಿದ್ದವನು ನಾಳೆ ನಮ್ಮ ತಂಡದಲ್ಲೇ ಇರಬಹುದು. ಆದರೆ ಮೊದಲ ದಿನವೇ ಒಂದು ಬಣವನ್ನು ಆರಿಸಿಕೊಂಡು ವರ್ಷಗಟ್ಟಲೆ ಅದರಲ್ಲೇ ಇರಬೇಕಾದ ಆಟಗಳೂ ಇವೆ. ಅಂಥ ಆಟದಲ್ಲಿ ಒಂದು ಬಣದ ಜನ ಕಡಿಮೆಯಾದರೆ ಉಳಿದವರ ಪಾಡೇನು? ಕಲಾ ವಿಭಾಗದ ವಿದ್ಯಾರ್ಥಿಯಾದ ನನಗೆ ಈ ಪ್ರಶ್ನೆ ಸಮಾಜಶಾಸ್ತ್ರದ ಪಾಠದಷ್ಟೇ ಮುಖ್ಯ ಎನಿಸಿತು. ಅದಕ್ಕಾಗಿ ಈ ಲೇಖನ.

ನಾನು ತೆಗೆದುಕೊಂಡಿರುವ ಉದಾಹರಣೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಅಮೆರಿಕದ ಬ್ಲಿಝಾರ್ಡ್ ಎಂಟರ್‌ಟೈನ್‌ಮೆಂಟ್ ಕಂಪನಿ ಇದನ್ನು 2004ರ ನವೆಂಬರ್ 23ರಂದು ಬಿಡುಗಡೆ ಮಾಡಿತು. ಪೂರ್ತಿ ಆಡಲು ಚಂದಾ ಕಟ್ಟಬೇಕು. 20ನೇ ಹಂತದವರೆಗೆ ಉಚಿತ. ನಾನು ಆಡಿರುವುದು ಆ ಉಚಿತ ಭಾಗವನ್ನು ಮಾತ್ರ. ಉಳಿದದ್ದನ್ನು ಓದಿ, ಹಳೆಯ ಆಟಗಾರರ ವಿಡಿಯೊ ನೋಡಿ ತಿಳಿದುಕೊಂಡಿದ್ದೇನೆ.

ಈ ಆಟದ ಲೋಕದಲ್ಲಿ ಎರಡು ಬಣಗಳಿವೆ. ಅಲಯನ್ಸ್ ಬಣದಲ್ಲಿ ಆರಂಭದಲ್ಲಿ ಮನುಷ್ಯರು, ಕುಬ್ಜರು, ನೋಮ್‌ಗಳು ಮತ್ತು ನೈಟ್ ಎಲ್ಫ್‌ಗಳಿದ್ದರು. ಹೋರ್ಡ್ ಬಣದಲ್ಲಿ ಓರ್ಕ್‌ಗಳು, ಟ್ರೋಲ್‌ಗಳು, ಟಾರೆನ್‌ಗಳು ಮತ್ತು ಅನ್‌ಡೆಡ್‌ಗಳಿದ್ದರು. ಎರಡೂ ಕಡೆ ನಾಲ್ಕು ಜನಾಂಗ, ಎರಡೂ ಕಡೆ ರಾಜಧಾನಿಗಳು. ಕಾಗದದ ಮೇಲೆ ಎಲ್ಲವೂ ಸಮ. ಆದರೆ ನಡುವಿನ ಗೋಡೆ ಬಲು ಎತ್ತರ. ಬೇರೆ ಬಣದವರ ಜೊತೆ ಗುಂಪು ಕಟ್ಟುವಂತಿರಲಿಲ್ಲ. ಗಿಲ್ಡ್ ಎಂದು ಕರೆಯುವ ಕಾಯಂ ತಂಡಕ್ಕೂ ಅವರನ್ನು ಸೇರಿಸಿಕೊಳ್ಳುವಂತಿರಲಿಲ್ಲ. ಮಾತನಾಡಲೂ ಆಗುತ್ತಿರಲಿಲ್ಲ, ಏಕೆಂದರೆ ಟೈಪ್ ಮಾಡಿದ ಮಾತು ಆ ಕಡೆಯವರಿಗೆ ಅರ್ಥವಿಲ್ಲದ ಅಕ್ಷರಗಳಾಗಿ ಕಾಣಿಸುತ್ತಿತ್ತು. ಹೋರ್ಡ್‌ನವನು ನಗುತ್ತಾ ‘ಲೋಲ್’ ಎಂದು ಬರೆದರೆ ಅಲಯನ್ಸ್‌ನವನಿಗೆ ಅದು ‘ಕೆಕ್’ ಎಂದು ಕಾಣುತ್ತಿತ್ತು!

ಆರಂಭದ ವರ್ಷಗಳಲ್ಲಿ ಒಟ್ಟಾರೆ ಹೆಚ್ಚು ಜನರಿದ್ದದ್ದು ಅಲಯನ್ಸ್‌ನಲ್ಲಿ. ಆಗ ಒಂದು ಕುತೂಹಲದ ಸಂಗತಿ ಕಂಡುಬಂತು. 2005ರಲ್ಲಿ ಬಂದ ಬ್ಯಾಟಲ್‌ಗ್ರೌಂಡ್ ಎಂಬ ಯುದ್ಧಪಂದ್ಯಗಳಲ್ಲಿ ಎರಡೂ ಕಡೆ ಸಮಸಂಖ್ಯೆ ಇರಬೇಕಿತ್ತು: ಒಂದರಲ್ಲಿ ತಲಾ 10, ಇನ್ನೊಂದರಲ್ಲಿ ತಲಾ 15, ಮತ್ತೊಂದರಲ್ಲಿ ತಲಾ 40 ಜನ. ಹಾಗಾಗಿ ಹೆಚ್ಚು ಜನರಿದ್ದ ಅಲಯನ್ಸ್‌ನವರು ಸರದಿಯಲ್ಲಿ ಬಹಳ ಹೊತ್ತು ಕಾಯುತ್ತಿದ್ದರು, ಹೋರ್ಡ್‌ನವರು ಬೇಗ ಒಳಗೆ ಹೋಗುತ್ತಿದ್ದರು. ಅಂದರೆ ಸಮಸಂಖ್ಯೆಯ ನಿಯಮ ಇರುವ ಕಡೆ ಕಡಿಮೆ ಜನರಿರುವುದು ನಷ್ಟವಲ್ಲ. ಅಂಥ ನಿಯಮ ಇಲ್ಲದ ಕಡೆ ಮಾತ್ರ ನಷ್ಟ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

2007ರ ಜನವರಿಯಲ್ಲಿ ಆಟದ ಮೊದಲ ವಿಸ್ತರಣೆ ಬಂತು. ಅದುವರೆಗೆ ಉಗ್ರ ರೂಪದವರೇ ತುಂಬಿದ್ದ ಹೋರ್ಡ್‌ಗೆ ನೋಡಲು ಚೆಂದದ ಬ್ಲಡ್ ಎಲ್ಫ್ ಜನಾಂಗ ಸಿಕ್ಕಿತು. ಬಹಳ ಜನ ಆ ಕಡೆ ಹೋದರು. ಇದರ ಜೊತೆಗೆ ಪ್ರತಿ ಜನಾಂಗಕ್ಕೂ ಹುಟ್ಟಿನಿಂದ ಬರುವ ಸಣ್ಣ ವಿಶೇಷ ಶಕ್ತಿಗಳಿದ್ದವು. ದೊಡ್ಡ ತಂಡ ಕಟ್ಟಿಕೊಂಡು ಬಲಿಷ್ಠ ಶತ್ರುವನ್ನು ಎದುರಿಸುವ ‘ರೇಡ್’ ಎಂಬ ಆಟಕ್ಕೆ ಓರ್ಕ್, ಟ್ರೋಲ್‌ಗಳ ಶಕ್ತಿ ಹೆಚ್ಚು ಲಾಭ ಎಂಬ ಲೆಕ್ಕಾಚಾರ ಹಬ್ಬಿತು. ಲಾಭ ಇದ್ದದ್ದು ಸ್ವಲ್ಪವೇ. ಆದರೆ ಜಗತ್ತಿನಲ್ಲೇ ಮೊದಲು ಗೆಲ್ಲಬೇಕೆಂದು ಪೈಪೋಟಿ ನಡೆಸುವ ತಂಡಗಳಿಗೆ ಆ ಸ್ವಲ್ಪವೇ ಸಾಕಾಗಿತ್ತು. ಅವು ಹೋರ್ಡ್‌ಗೆ ಹೋದವು. ಅವರನ್ನು ಸೇರಬೇಕೆಂಬ ಆಸೆಯಿದ್ದ ಒಳ್ಳೆಯ ಆಟಗಾರರು ಹಿಂದೆ ಹೋದರು. ಅವರ ಗೆಳೆಯರು ಅವರ ಹಿಂದೆ. 2018ರ ಹೊತ್ತಿಗೆ ಮೊದಲ ಸ್ಥಾನಕ್ಕೆ ಸೆಣಸುವ ತಂಡಗಳಲ್ಲಿ ಬಹುಪಾಲು ಹೋರ್ಡ್‌ನವೇ ಆಗಿದ್ದವು.

ಹಿಂದೆ ಉಳಿದ ಅಲಯನ್ಸ್‌ನವರಿಗೆ ಏನಾಯಿತು? ಯಾರೂ ಅವರನ್ನು ಹೊರಗೆ ಹಾಕಲಿಲ್ಲ. ಆದರೆ ರೇಡ್‌ನ ಅತಿ ಕಠಿಣ ಹಂತಕ್ಕೆ 20 ಜನರ ತಂಡ ಬೇಕು, 18 ಜನ ಸಿಕ್ಕರೆ ಆ ರಾತ್ರಿ ಆಟವಿಲ್ಲ. ತಂಡದಲ್ಲಿ ಇಬ್ಬರು ಬಿಟ್ಟುಹೋದರೆ ಬದಲಿ ಸಿಗುವುದಿಲ್ಲ. ಹೊಸಬನು ಇದೆಲ್ಲವನ್ನೂ ನೋಡಿ ಜನ ಇರುವ ಬಣವನ್ನೇ ಆರಿಸಿಕೊಳ್ಳುತ್ತಾನೆ. ಖಾಲಿ ಬೆಂಚು ನೋಡಿದವರು ಇನ್ನೊಂದು ಬೆಂಚಿಗೆ ಹೋಗುವ ಹಾಗೆ.

ಕಥೆಯ ವಿಷಯದಲ್ಲೂ ಅಲಯನ್ಸ್ ಆಟಗಾರರಿಗೆ ಬೇಸರವಿತ್ತು. 2018ರ ವಿಸ್ತರಣೆಯ ಕಥೆ ಆರಂಭವಾದದ್ದೇ ನೈಟ್ ಎಲ್ಫ್‌ಗಳ ಮನೆಯಾದ ಟೆಲ್ಡ್ರಾಸಿಲ್ ಎಂಬ ಮಹಾವೃಕ್ಷ ಸುಟ್ಟುಹೋಗುವುದರಿಂದ. ಆದರೆ ಆಮೇಲೆ ಕಥೆಯ ಗಮನ ಮರ ಸುಟ್ಟ ಹೋರ್ಡ್ ನಾಯಕಿ ಸಿಲ್ವಾನಸ್ ಮತ್ತು ಅವಳ ಬಣದ ಒಳಜಗಳದ ಕಡೆಗೇ ಹೆಚ್ಚು ಹರಿಯಿತು, ಮನೆ ಕಳೆದುಕೊಂಡವರ ಕಡೆಗಲ್ಲ ಎಂಬುದು ಅವರ ದೂರು. ನೈಟ್ ಎಲ್ಫ್‌ಗಳಿಗೆ ಹೊಸ ಮರ ಸಿಕ್ಕಿದ್ದು 2023ರಲ್ಲಿ.

ಕಂಪನಿ ಸುಮ್ಮನೆ ಕೂತಿತ್ತು ಎನ್ನುವಂತಿಲ್ಲ. 2015ರಲ್ಲಿ ಸರದಿ ಉದ್ದವಾದಾಗ ಯುದ್ಧಪಂದ್ಯದಲ್ಲಿ ಎದುರು ಬಣದ ಪರವಾಗಿ ಬಾಡಿಗೆ ಸೈನಿಕನಂತೆ ಆಡುವ ವ್ಯವಸ್ಥೆ ತಂದಿತು. 2018ರಲ್ಲಿ ‘ವಾರ್ ಮೋಡ್’ ಎಂಬ ವ್ಯವಸ್ಥೆ ಬಂತು. ಅದರಲ್ಲಿ ಕಡಿಮೆ ಜನರಿರುವ ಬಣಕ್ಕೆ ಹೆಚ್ಚುವರಿ ಬಹುಮಾನ ಕೊಡಲಾಯಿತು. ಅದು ಶೇಕಡಾ 30ರವರೆಗೂ ಏರಿತು. ಬಯಲಿನ ಕಾದಾಟಕ್ಕೆ ಇದರಿಂದ ಒಂದಷ್ಟು ಜನ ಬಂದರು. ಆದರೆ ರೇಡ್ ತಂಡಗಳ ಕೊರತೆ ಹಾಗೇ ಉಳಿಯಿತು. ಕಾರಣ ಸರಳ. ಬಹುಮಾನ ಸಿಗುವುದು ಒಬ್ಬೊಬ್ಬನಿಗೆ. ಅವನಿಗೆ ಕೊರತೆಯಾಗಿದ್ದದ್ದು ಜೊತೆಗಾರರು. ಗೆಳೆಯರೆಲ್ಲ ಆ ಕಡೆ ಇರುವಾಗ ಶೇಕಡಾ 30ರ ಬಹುಮಾನಕ್ಕಾಗಿ ಈ ಕಡೆ ಒಬ್ಬನೇ ಇರಲು ಯಾರು ಒಪ್ಪುತ್ತಾರೆ?

ನಷ್ಟ ಬರೀ ಕಡಿಮೆ ಜನರಿದ್ದವರದ್ದೂ ಆಗಿರಲಿಲ್ಲ. ಅದೇ ವರ್ಷ ಪ್ರತಿ ಬಣದ ಮೊದಲ 100 ವಿಜೇತ ತಂಡಗಳ ಹೆಸರು ದಾಖಲಿಸುವ ಪಟ್ಟಿ ಶುರುವಾಯಿತು. ಎರಡೂ ಪಟ್ಟಿ ತುಂಬುವವರೆಗೆ ಅತಿ ಕಠಿಣ ರೇಡ್‌ಗೆ ಬೇರೆ ಸರ್ವರ್‌ನವರನ್ನು ಸೇರಿಸಿಕೊಳ್ಳುವಂತಿರಲಿಲ್ಲ. ಹೋರ್ಡ್ ಪಟ್ಟಿ ಬೇಗ ತುಂಬುತ್ತಿತ್ತು, ಅಲಯನ್ಸ್ ಪಟ್ಟಿ ತುಂಬಲು ಬಹಳ ಕಾಲ ಹಿಡಿಯುತ್ತಿತ್ತು. ಅಷ್ಟೂ ದಿನ ಎರಡೂ ಕಡೆಯವರು ಕಾಯಬೇಕು. ಒಂದು ಬಣ ಸೊರಗಿದರೆ ಇನ್ನೊಂದು ಬಣದ ದಾರಿಯೂ ಕಟ್ಟಿಕೊಳ್ಳುತ್ತದೆ.

ಕೊನೆಗೆ ಗೋಡೆಗೇ ಬಾಗಿಲು ಇಡಲಾಯಿತು. 2022ರ ಮೇ 31ರಿಂದ ಎರಡೂ ಬಣದವರು ಒಂದೇ ಗುಂಪಿನಲ್ಲಿ ರೇಡ್ ಆಡಬಹುದಾಯಿತು. 2023ರ ಮೇ ತಿಂಗಳಲ್ಲಿ ಒಂದೇ ಗಿಲ್ಡ್‌ನಲ್ಲೂ ಇರಬಹುದಾಯಿತು. ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಯಾರೂ ತಮ್ಮ ಬಣವನ್ನು ಬಿಡಬೇಕಾಗಲಿಲ್ಲ. ನೈಟ್ ಎಲ್ಫ್ ನೈಟ್ ಎಲ್ಫ್ ಆಗಿಯೇ, ಓರ್ಕ್ ಓರ್ಕ್ ಆಗಿಯೇ ಉಳಿದು ಒಂದೇ ಕೆಲಸಕ್ಕೆ ಕೈ ಜೋಡಿಸಿದರು. ಬಣಗಳ ನಡುವೆ ಜನಸಂಖ್ಯೆ ಸಮ ಮಾಡುವ ಕೆಲಸ ಅಲ್ಲಿ ನಡೆಯಲಿಲ್ಲ. ಕಡಿಮೆ ಜನರಿದ್ದರೆ ಆಗುವ ನಷ್ಟವನ್ನು ತೆಗೆದುಹಾಕುವ ಕೆಲಸ ನಡೆಯಿತು.

ಇಲ್ಲಿ ಅರ್ಥಶಾಸ್ತ್ರಜ್ಞ ಥಾಮಸ್ ಶೆಲಿಂಗ್ ಅವರನ್ನು ನೆನೆಯಬೇಕು. 2005ರಲ್ಲಿ ರಾಬರ್ಟ್ ಔಮನ್ ಅವರೊಂದಿಗೆ ನೊಬೆಲ್ ಪಡೆದವರು ಇವರು. ಅಮೆರಿಕದ ಊರುಗಳಲ್ಲಿ ಕರಿಯರು ಮತ್ತು ಬಿಳಿಯರ ಬಡಾವಣೆಗಳು ಏಕೆ ಬೇರೆ ಬೇರೆಯಾಗುತ್ತವೆ ಎಂದು ವಿವರಿಸಲು 1971ರಲ್ಲಿ ಒಂದು ಮಾದರಿಯನ್ನು ಪ್ರಕಟಿಸಿದರು. ಅದನ್ನು ನೀವೂ ಮಾಡಿ ನೋಡಬಹುದು. ಚದುರಂಗದ ಹಲಗೆಯ ಮೇಲೆ ಒಂದು ರೂಪಾಯಿಯ 22 ಹಾಗೂ ಎರಡು ರೂಪಾಯಿಯ 22 ನಾಣ್ಯಗಳನ್ನು ಮನಸ್ಸಿಗೆ ಬಂದಂತೆ ಇಡಿ, ಉಳಿದ 20 ಮನೆ ಖಾಲಿ ಇರಲಿ. ಪ್ರತಿ ನಾಣ್ಯದ ಬೇಡಿಕೆ ಒಂದೇ: ನೆರೆಯವರಲ್ಲಿ ಮೂರನೇ ಒಂದು ಭಾಗವಾದರೂ ನನ್ನಂಥವರಿರಲಿ. ಅಷ್ಟಿಲ್ಲದ ನಾಣ್ಯವನ್ನು ಅಷ್ಟಿರುವ ಖಾಲಿ ಮನೆಗೆ ಸರಿಸುತ್ತಾ ಹೋಗಿ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲೇ ಒಂದೊಂದು ಬಗೆಯ ನಾಣ್ಯಗಳು ಒಂದೊಂದು ಕಡೆ ಗುಂಪಾಗಿರುತ್ತವೆ. ಯಾವ ನಾಣ್ಯಕ್ಕೂ ಇನ್ನೊಂದರ ಮೇಲೆ ದ್ವೇಷವಿರಲಿಲ್ಲ. ಚಿಕ್ಕ ಚಿಕ್ಕ ಆಯ್ಕೆಗಳು ಕೂಡಿ ಯಾರೂ ಬಯಸದಷ್ಟು ದೊಡ್ಡ ಅಂತರವಾಯಿತು.

ಆಟಕ್ಕೂ ಬದುಕಿಗೂ ವ್ಯತ್ಯಾಸ ಇದೆ. ಆಟದಲ್ಲಿ ಹಣ ಕೊಟ್ಟರೆ ಬಣ ಬದಲಿಸಬಹುದು. ಬದುಕಿನಲ್ಲಿ ನಮ್ಮ ಭಾಷೆ, ಧರ್ಮ, ಊರು ಹಾಗೆ ಬದಲಿಸುವ ವಸ್ತುಗಳಲ್ಲ. ಬದುಕಿನಲ್ಲಿ ದ್ವೇಷದಿಂದಲೇ ನಡೆಯುವ ಅನ್ಯಾಯವೂ ಇದೆ, ಅದನ್ನು ನಾಣ್ಯಗಳಿಂದ ವಿವರಿಸಲಾಗದು. ಆದರೆ ದ್ವೇಷ ಇಲ್ಲದ ಕಡೆಯೂ ಕಡಿಮೆ ಜನರು ಕಡೆಗಣನೆಗೆ ಒಳಗಾಗಬಹುದು ಎಂಬುದನ್ನು ಈ ಆಟ ತೋರಿಸುತ್ತದೆ. “ನಾವೇನೂ ತಪ್ಪು ಮಾಡಿಲ್ಲವಲ್ಲ” ಎಂಬ ಉತ್ತರ ಅಲ್ಲಿ ಸಾಲದು.

ಹತ್ತಿರದ ಉದಾಹರಣೆ ಬೇಕಿದ್ದರೆ ನಮ್ಮ ಕಲಾ ವಿಭಾಗವನ್ನೇ ನೋಡಿ. ವಿಜ್ಞಾನ ಮತ್ತು ವಾಣಿಜ್ಯದ ತರಗತಿಗಳು ತುಂಬಿರುತ್ತವೆ, ನಾವು ಮೂರು ಬೆಂಚಿನಲ್ಲಿ ಮುಗಿಯುತ್ತೇವೆ. ಇದಕ್ಕೆ ಯಾರೂ ಕಾರಣರಲ್ಲ. ಆದರೆ ರಸಪ್ರಶ್ನೆಗೆ ವಿಭಾಗಕ್ಕೊಂದು ತಂಡ, ಕ್ರಿಕೆಟ್‌ಗೆ ವಿಭಾಗಕ್ಕೆ ಹನ್ನೊಂದು ಜನ ಎಂದಾಗ ನಿಯಮ ಎಲ್ಲರಿಗೂ ಒಂದೇ ಆಗಿದ್ದರೂ ನಮಗೆ ಹನ್ನೊಂದು ಜನ ಸಿಗುವುದಿಲ್ಲ. ಮುಂದಿನ ವರ್ಷ ಸೇರುವ ತಮ್ಮ ತಂಗಿಯರು ಇದನ್ನು ನೋಡಿ ಕಲಾ ವಿಭಾಗ ಬೇಡ ಎನ್ನುತ್ತಾರೆ, ಇತಿಹಾಸ ಇಷ್ಟವಿದ್ದರೂ ಸಹ.

ನಮಗೆ ವಿಶೇಷ ಬಹುಮಾನ ಬೇಡ. ಈ ಬಾರಿಯ ಕ್ರೀಡಾಕೂಟ ಮತ್ತು ರಸಪ್ರಶ್ನೆಯಲ್ಲಿ ಮೂರೂ ವಿಭಾಗದವರು ಬೆರೆತಿರುವ ತಂಡಗಳನ್ನು ಮಾಡಬಹುದೇ ಎಂದು ಉಪನ್ಯಾಸಕರಲ್ಲಿ ಮತ್ತು ವಿದ್ಯಾರ್ಥಿ ಸಂಘದಲ್ಲಿ ಕೇಳಿಕೊಳ್ಳುತ್ತೇನೆ. ಲೆಕ್ಕದ ಪ್ರಶ್ನೆಗೆ ನೀವು ಉತ್ತರಿಸಿ, ಟಿಪ್ಪುವಿನ ಕಾಲದ ಪ್ರಶ್ನೆ ಬಂದರೆ ನಮಗೆ ಬಿಡಿ.