ವೇಗ ಹೆಚ್ಚಾಗಿ ಕೆಟ್ಟ ಲೆಕ್ಕ

ಭದ್ರಾವತಿಯ ಓದುಗರೊಬ್ಬರು ಶಿವಮೊಗ್ಗದಿಂದ ಹೊಸ ಕಂಪ್ಯೂಟರ್ ತಂದಿದ್ದಾರೆ. ತಂದೆಯ ಕಾಲದಿಂದ ಅಡಿಕೆ ವ್ಯಾಪಾರದ ಲೆಕ್ಕ ನೋಡಿಕೊಂಡಿದ್ದ ಡಾಸ್ ಪ್ರೋಗ್ರಾಂ ಅದರಲ್ಲಿ ತೆರೆಯುತ್ತಲೇ ಇಲ್ಲವಂತೆ. ವೈರಸ್ ಹತ್ತಿದೆ ಎಂದರಂತೆ ಒಬ್ಬರು. ಯಂತ್ರ ಇಟ್ಟ ಮೂಲೆ ಸರಿಯಿಲ್ಲ, ಈಶಾನ್ಯಕ್ಕೆ ಸರಿಸಿ ಎಂದರಂತೆ ಇನ್ನೊಬ್ಬರು. ಆಯುಧಪೂಜೆಗೆ ಕೀಬೋರ್ಡಿಗೆ ಕುಂಕುಮ ಇಡುವುದಕ್ಕೆ ನನ್ನ ತಕರಾರಿಲ್ಲ, ಕೀಲಿಗಳ ಸಂದಿಗೆ ಬೀಳದಿದ್ದರಾಯಿತು. ಆದರೆ ಪ್ರೊಸೆಸರಿಗೆ ದಿಕ್ಕು ತಿಳಿಯದು ಸ್ವಾಮಿ!

ಕಾರಣ ಇಷ್ಟೇ: ಡಾಸ್ ಪ್ರೋಗ್ರಾಂಗಳು 1978ರ ಇಂಟೆಲ್ 8086 ಚಿಪ್ಪಿನ 16 ಬಿಟ್ ಪದ್ಧತಿಯವು. 64 ಬಿಟ್ ವಿಧಾನದಲ್ಲಿ ಓಡುವಾಗ ಪ್ರೊಸೆಸರ್ ಆ ಹಳೆಯ ವೇಷ ಹಾಕಲಾರದು. ವಿಂಡೋಸ್ 11 ಬರುವುದೇ 64 ಬಿಟ್ಟಿನಲ್ಲಿ.

ನನಗೆ ಇದಕ್ಕಿಂತ ರುಚಿಸುವುದು 1990ರ ದಶಕದ ಕೊನೆಯ ಒಂದು ಕಾಯಿಲೆ. ಟರ್ಬೊ ಪಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಸಾಧನದಲ್ಲಿ ಬರೆದ ಎಷ್ಟೋ ಪ್ರೋಗ್ರಾಂಗಳು ಆಗಿನ ಹೊಸ ಪೆಂಟಿಯಂ ಯಂತ್ರಗಳಲ್ಲಿ ತೆರೆದ ಕೂಡಲೇ ನಿಂತುಬಿಡುತ್ತಿದ್ದವು. ಪರದೆಯ ಮೇಲೆ ‘ರನ್‌ಟೈಮ್ ಎರರ್ 200’, ಅಂದರೆ ಸೊನ್ನೆಯಿಂದ ಭಾಗಿಸಿದ ತಪ್ಪು. ಸೊನ್ನೆಯಿಂದ ಯಾರೂ ಭಾಗಿಸಿರಲಿಲ್ಲ.

ನಡೆದದ್ದು ಬೇರೆ. ಒಂದು ಮಿಲಿಸೆಕೆಂಡು ಸುಮ್ಮನಿರಬೇಕಾದರೆ ಯಂತ್ರದ ವೇಗ ಗೊತ್ತಿರಬೇಕಲ್ಲ? ಅದಕ್ಕೇ ಪ್ರೋಗ್ರಾಂ ಶುರುವಾಗುತ್ತಲೇ ಒಂದು ಪರೀಕ್ಷೆ. ಪಿಸಿಯ ಗಡಿಯಾರದ ಎರಡು ಮಿಡಿತಗಳ ನಡುವೆ ಸುಮಾರು 55 ಮಿಲಿಸೆಕೆಂಡು. ಆ ಸಂದಿನಲ್ಲಿ ಖಾಲಿ ಸುತ್ತು ಎಷ್ಟು ಹೊಡೆಯಬಹುದೆಂದು ಎಣಿಸಿ, ಅದನ್ನು 55ರಿಂದ ಭಾಗಿಸುವುದು. ಉತ್ತರ ಕೂರಬೇಕಾದ ಜಾಗ 16 ಬಿಟ್ಟಿನದು. 65,535ಕ್ಕಿಂತ ದೊಡ್ಡ ಸಂಖ್ಯೆ ಅಲ್ಲಿ ಹಿಡಿಯದು. ಯಂತ್ರ 36 ಲಕ್ಷಕ್ಕೂ ಮಿಕ್ಕಿ ಸುತ್ತು ಹೊಡೆದರೆ ಉತ್ತರ ಹೊರಚೆಲ್ಲುತ್ತದೆ. ಉತ್ತರ ಜಾಗ ಮೀರಿದರೂ ಸೊನ್ನೆಯಿಂದ ಭಾಗಿಸಿದರೂ ಪ್ರೊಸೆಸರ್ ಬಾರಿಸುವ ಗಂಟೆ ಒಂದೇ. ಪಾಸ್ಕಲ್ ಅದನ್ನು ಸೊನ್ನೆಯ ತಪ್ಪೆಂದೇ ಓದಿತು.

ಇದು ಬರೆದವರ ಸೋಮಾರಿತನವಲ್ಲ. ಯಂತ್ರ ನಿಧಾನವಿರಲಿ, ವೇಗವಿರಲಿ, ವಿರಾಮ ಸರಿಯಾಗಿರಲಿ ಎಂದು ಮುಂದಾಲೋಚಿಸಿ ಇಟ್ಟ ಪರೀಕ್ಷೆಯೇ ಮುಳುವಾಯಿತು! ವಿರಾಮದ ಗೊಡವೆಯೇ ಇಲ್ಲದ ಲೆಕ್ಕದ ಪ್ರೋಗ್ರಾಂ ಕೂಡ, ಪರದೆಗೆ ಬಣ್ಣದ ಅಕ್ಷರ ತರಲೆಂದು ‘ಸಿಆರ್‌ಟಿ’ ಎಂಬ ಭಾಗವನ್ನು ಸೇರಿಸಿಕೊಂಡಿದ್ದರೆ ಸಾಕು, ಈ ಬಲೆಗೆ ಬೀಳುತ್ತಿತ್ತು.

ಇನ್ನು ಮದ್ದು. ‘ಡಾಸ್‌ಬಾಕ್ಸ್’ 2002ರಿಂದ ಉಚಿತವಾಗಿ ಸಿಗುತ್ತಿದೆ. ನಮ್ಮ ಕಾಲೇಜುಗಳಲ್ಲಿ ಅದರೊಳಗೇ ಟರ್ಬೊ ಸಿ++ನ ನೀಲಿ ಪರದೆ ತೆರೆದು ಕಲಿತ ಹುಡುಗರನ್ನು ಕೇಳಿ, ಹಾಕಿಕೊಡುತ್ತಾರೆ. ಅದು ಹಳೆಯ ಪಿಸಿಯನ್ನು ಚಿಪ್ಪಿನ ಸಮೇತ ಸಾಫ್ಟ್‌ವೇರಿನಲ್ಲೇ ಕಟ್ಟಿ ನಿಲ್ಲಿಸುತ್ತದೆ, ಆ ಕಾಲದ ನಿಧಾನವನ್ನೂ ಬಿಡದೆ. ಓಟ ಹೆಚ್ಚಾಯಿತೆನಿಸಿದರೆ ಕಂಟ್ರೋಲ್ ಹಿಡಿದು ಎಫ್11 ಒತ್ತುತ್ತ ಹೋಗಿ. ಡಾಸ್‌ಬಾಕ್ಸನ್ನು ಮಾಡಿದ್ದು ಮುಖ್ಯವಾಗಿ ಆಟಗಳಿಗಾಗಿ. ಹಾಗಾಗಿ ಮೊದಲು ಲೆಕ್ಕದ ಫೈಲುಗಳ ಒಂದು ಪ್ರತಿಯನ್ನು ಬೇರೆಡೆ ಎತ್ತಿಡಿ. ಬಿಲ್ ಅಚ್ಚು ಹಾಕಬೇಕಿದ್ದರೆ ಅದರ ತಮ್ಮ ‘ಡಾಸ್‌ಬಾಕ್ಸ್-ಎಕ್ಸ್’ ಹಾಕಿಸಿಕೊಳ್ಳಿ, ಪ್ರಿಂಟರಿನ ಕೆಲಸಕ್ಕೆ ಅಣ್ಣ ಒದಗುವುದಿಲ್ಲ.