ವೀಳ್ಯದ ಸಂಚಿ ಹೊತ್ತವಳ ಕಾವ್ಯ

ಒಡೆಯರಿಗೆ ಎಲೆ ಮಡಿಸಿ ಕೊಡುವುದು ಕೇಳಲು ಸಣ್ಣ ಊಳಿಗ. ಆದರೆ ಆ ಎಲೆಗೆ ಯಾರಾದರೂ ವಿಷ ಸವರಿದರೆ ಸಿಂಹಾಸನವೇ ಅಲುಗುತ್ತಿತ್ತು. ಹಾಗಾಗಿ ಎಲೆ, ಅಡಿಕೆ, ಸುಣ್ಣ, ಕರ್ಪೂರ ತುಂಬಿದ ಸಂಚಿ ಸಿಗುತ್ತಿದ್ದುದು ನಂಬಿಕೆಯವರ ಕೈಗೆ ಮಾತ್ರ. ಅರಮನೆಯ ಮರ್ಯಾದೆಯಲ್ಲೂ ವೀಳ್ಯಕ್ಕೆ ದೊಡ್ಡ ಸ್ಥಾನ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ರಾಯಭಾರಿ ಅಬ್ದುರ್ ರಜಾಕನಿಗೆ ಇಮ್ಮಡಿ ದೇವರಾಯ ಕೊಡಿಸಿದ ಮನ್ನಣೆಯಲ್ಲಿ ವೀಳ್ಯವೂ ಇತ್ತು, ಕರ್ಪೂರವೂ ಇತ್ತು.

ಈ ಊಳಿಗದ ಇನ್ನೊಂದು ಗುಣವೇ ನಮ್ಮ ಸಾಹಿತ್ಯಕ್ಕೆ ಒದಗಿತೆಂದು ನನಗನ್ನಿಸುತ್ತದೆ. ಸಂಚಿ ಹಿಡಿದವರು ಕೂಗಿದರೆ ಓಗೊಡುವಷ್ಟು ಹತ್ತಿರದಲ್ಲೇ ಇರಬೇಕು. ಒಳಗಿನ ಮಾತುಕತೆ, ಹಾಡು, ಓದು ಎಲ್ಲವೂ ಅವರ ಕಿವಿಗೆ ಬೀಳುತ್ತವೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಹಡಪ, ಅಂದರೆ ವೀಳ್ಯದ ಸಂಚಿ, ಹೊತ್ತ ಅಪ್ಪಣ್ಣನವರೂ ಅವರ ಮಡದಿ ಲಿಂಗಮ್ಮನವರೂ ವಚನ ರಚಿಸಿದರು. ಐದು ಶತಮಾನ ಕಳೆದ ಮೇಲೆ ಶ್ರೀರಂಗಪಟ್ಟಣದ ಅರಮನೆಯಲ್ಲಿ ಹೊನ್ನಮ್ಮ ಸಂಚಿ ಹಿಡಿದು ನಿಂತಳು.

ಹೊನ್ನಮ್ಮ ಯಳಂದೂರಿನವಳು. ಆಕೆ ಯಾರಿಗೆ ಸಂಚಿ ಹಿಡಿದಳೋ ಆ ದೇವಾಜಮ್ಮಣ್ಣಿಯ, ಮೈಸೂರು ದೊರೆ ಚಿಕ್ಕದೇವರಾಜ ಒಡೆಯರ ರಾಣಿಯ, ತವರೂ ಅದೇ. ಒಡೆಯರು ಆಳಿದ್ದು 1673ರಿಂದ 1704ರವರೆಗೆ. ಅದು ಕವಿಗಳಿಂದ ತುಂಬಿದ್ದ ಕಾಲ. ತಿರುಮಲಾರ್ಯ, ಚಿಕುಪಾಧ್ಯಾಯರು ಮಂತ್ರಿಗಳೂ ಹೌದು, ಕವಿಗಳೂ ಹೌದು. ಸಿಂಗರಾರ್ಯ ‘ಮಿತ್ರವಿಂದಾಗೋವಿಂದ’ ನಾಟಕ ಬರೆದದ್ದು ಈ ಆಸ್ಥಾನದಲ್ಲೇ. ಹೊನ್ನಮ್ಮನಿಗೆ ಗುರುವಾಗಿ ದೊರೆತವರು ಅಳಸಿಂಗರಾರ್ಯರು. ಆಕೆ ಬರೆದ ‘ಹದಿಬದೆಯ ಧರ್ಮ’ ಇರುವುದು ಸಾಂಗತ್ಯದಲ್ಲಿ. ಕಿವಿಯಿಂದ ಕಲಿತು ಬಾಯಲ್ಲಿ ಹಾಡಿಕೊಳ್ಳುವ ಮಟ್ಟು ಅದು. ಓಲೆ, ಕಂಠ ಹಿಡಿದು ಕೂರಲು ಬಿಡುವಿಲ್ಲದ ಊಳಿಗದವಳಿಗೆ ಇದಕ್ಕಿಂತ ಒಗ್ಗುವ ಛಂದಸ್ಸು ಬೇರೆ ಯಾವುದಿತ್ತು?

ಕೃತಿಯ ವಸ್ತು ಪತಿವ್ರತೆ ನಡೆಯಬೇಕಾದ ದಾರಿ. ಗಂಡನ ಸೇವೆ, ಅತ್ತೆ ಮಾವಂದಿರ ಆರೈಕೆ, ಮನೆಯ ಜವಾಬ್ದಾರಿ ಎಂದು ಶಾಸ್ತ್ರ ಹೇಳಿದ್ದನ್ನೇ ಆಕೆ ಎಳೆಎಳೆಯಾಗಿ ಹಾಡುತ್ತಾಳೆ. ಹಾಗೆ ಹಾಡುತ್ತಲೇ, ಮಗಳು ಹುಟ್ಟಿದಳೆಂದು ಮುಖ ಸಿಂಡರಿಸುವವರನ್ನು ತಡೆದು ನಿಲ್ಲಿಸುತ್ತಾಳೆ. ಅವರನ್ನು ಹೆತ್ತು ಸಾಕಿದವಳು ಯಾರೆಂದು ಕೇಳುತ್ತಾಳೆ. ಹೆಣ್ಣನ್ನು ಕೀಳಾಗಿ ಕಾಣುವವರಿಗೆ ಕಣ್ಣೇ ಇಲ್ಲವೆನ್ನುತ್ತಾಳೆ. ಇಂದು ಭಾಷಣಗಳಲ್ಲಿ ಈ ಪದ್ಯವೊಂದನ್ನೇ ಕಿತ್ತು ತಂದು ಉಳಿದ ಕಾವ್ಯವನ್ನು ಮರೆಯುತ್ತೇವೆ. ಅದು ಹೊನ್ನಮ್ಮನಿಗೆ ನಾವು ಮಾಡುವ ಅನ್ಯಾಯ. ಶಾಸ್ತ್ರವನ್ನು ಒಪ್ಪಿಕೊಂಡವಳೇ, ಅರಮನೆಯ ಅನ್ನ ಉಂಡವಳೇ ಆ ಪ್ರಶ್ನೆಯನ್ನು ಎತ್ತಿದಳು. ಹೊರಗೆ ನಿಂತು ಕೂಗಿದ್ದರೆ ತಳ್ಳಿಹಾಕುವುದು ಸುಲಭವಾಗುತ್ತಿತ್ತು. ಧರ್ಮ ಹೇಳುವ ಬಾಯಿಂದಲೇ ಬಂದ ಮಾತನ್ನು ಆಸ್ಥಾನ ಕೇಳಿಸಿಕೊಳ್ಳಲೇಬೇಕಾಯಿತು.

ಅದೇ ಆಸ್ಥಾನದ ಶೃಂಗಾರಮ್ಮನೂ ‘ಪದ್ಮಿನೀಕಲ್ಯಾಣ’ಕ್ಕೆ ಸಾಂಗತ್ಯವನ್ನೇ ಆರಿಸಿಕೊಂಡಳು. ಮುಂದಿನ ಶತಮಾನದಲ್ಲಿ ದೊಡ್ಡ ಕೃಷ್ಣರಾಜರ ರಾಣಿ ಚೆಲುವಾಂಬೆ ‘ವರನಂದಿಕಲ್ಯಾಣ’ ಬರೆಯಲು ಕುಳಿತಾಗ ಹಿಡಿದದ್ದೂ ಸಂಚಿಯ ಹೊನ್ನಮ್ಮ ಹಾಡಿದ ಆ ಮಟ್ಟನ್ನೇ.